ಮಾಮಾಗೆ ನಾನು ಹಾಕಿದ ಅಂಕ

ಆ ಹಾಳೆಯಲ್ಲಿ ನಲವತ್ತು ವಾಕ್ಯಗಳಿದ್ದವು. ಪ್ರತಿ ವಾಕ್ಯದ ಮುಂದೆ ಒಂದರಿಂದ ಐದರವರೆಗೆ ಅಂಕಿಗಳು, ಒಂದೆಂದರೆ ಒಪ್ಪಿಗೆಯಿಲ್ಲ, ಐದೆಂದರೆ ಪೂರ್ತಿ ಒಪ್ಪಿಗೆ. ಅವುಗಳಲ್ಲಿ ಒಂದರ ಸುತ್ತ ಗೋಲು ಹಾಕಬೇಕು. ಎಲ್ಲವನ್ನೂ ಕೂಡಿಸಿದರೆ ಒಬ್ಬ ಮನುಷ್ಯನಿಗೆ ಯಾವ ಕೆಲಸ ಒಗ್ಗುತ್ತದೆ, ಆ ಕೆಲಸದಲ್ಲಿ ಮುಂದೆ ಹೋಗುವ ಹುಮ್ಮಸ್ಸು ಅವನಲ್ಲಿ ಎಷ್ಟಿದೆ ಎಂಬುದು ಗೊತ್ತಾಗುತ್ತದೆ ಎಂದು ನಮಗೆ ತರಬೇತಿ ಕೊಟ್ಟವರು ಹೇಳಿದ್ದರು. ನಾನು ನಂಬಿದ್ದೆ. ಈಗಲೂ ನಂಬಿಕೆ ಪೂರ್ತಿ ಹೋಗಿಲ್ಲ. ಅದೆಲ್ಲ ಬರೀ ಸುಳ್ಳಾಗಿದ್ದರೆ ಹಾಳೆಯ ಮೇಲೆ ತಪ್ಪು ಹೊರಿಸಿ ಹಗುರಾಗಬಹುದಿತ್ತು.

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಸಿಬ್ಬಂದಿ ಅಧಿಕಾರಿ. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ನೇರ ಅಲ್ಲಿಗೇ ಸೇರಿದೆ. ಸದಾಶಿವನಗರದ ನಮ್ಮ ಮನೆಯಿಂದ ಸ್ಕೂಟಿಯ ಮೇಲೆ ಹೋಗಿ ಬರುತ್ತೇನೆ. ರಜೆಯ ಅರ್ಜಿ, ಕ್ಯಾಂಟೀನಿನ ತಕರಾರು, ಹೊಸಬರಿಗೆ ಬೂಟು ಕೈಗವಸು ಕೊಡಿಸುವುದು, ಇವೇ ನನ್ನ ಕೆಲಸ. ನಾನು ಸೇರುವ ಮೊದಲು ಅಲ್ಲಿ ಯಾರಿಗೆ ಬಡ್ತಿ ಸಿಗಬೇಕೆಂಬುದನ್ನು ಸೂಪರ್‌ವೈಜರನ ಸೋದರಸಂಬಂಧ ನಿರ್ಧರಿಸುತ್ತಿತ್ತು. ಅದನ್ನು ನೋಡಿ ರೋಸಿಹೋಗಿಯೇ ನಾನು ಈ ಪರೀಕ್ಷೆಯನ್ನು ತರಬೇಕೆಂದು ಸಣ್ಣ ಮಾಲಕರ ಬೆನ್ನು ಹತ್ತಿದ್ದು.

ಅದು ಒಬ್ಬರಿಗಾದರೂ ಒಳ್ಳೆಯದು ಮಾಡಿತು ಎಂಬುದನ್ನು ಇಲ್ಲಿ ಬರೆಯಲೇಬೇಕು. ಖಾನಾಪುರದಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಎಂಟು ವರ್ಷ ಮರಳಿನ ಅಚ್ಚು ತಟ್ಟುತ್ತಿದ್ದಳು. ಸಣ್ಣ ದೋಷವೂ ನನ್ನ ಕಣ್ಣಿಗೆ ಬೀಳುತ್ತದೆ ಎಂಬ ವಾಕ್ಯಕ್ಕೆ ಆಕೆ ಐದು ಹಾಕಿದ್ದಳು, ಮಾಲು ಕೊಟ್ಟು ನೋಡಿದರೆ ಆಕೆಯ ಕಣ್ಣು ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುತ್ತದೆ ಎಂದು ಗೊತ್ತಾಯಿತು. ಈಗ ಆಕೆ ತಪಾಸಣೆಯ ಮೇಜಿನ ಹಿಂದೆ ಕೂತಿದ್ದಾಳೆ, ಅವಳು ಸೀಸಕಡ್ಡಿಯಲ್ಲಿ ಗೀಟು ಹಾಕಿದ ಮಾಲು ಗೇಟು ದಾಟುವುದಿಲ್ಲ. ಅವಳು ಮೊದಲ ದಿನ ಖುರ್ಚಿಯ ತುದಿಗೆ ಕೂತದ್ದನ್ನು ನೋಡಿ ನನಗೆ ಬಂದ ಹೆಮ್ಮೆ ದೊಡ್ಡದಿತ್ತು. ಅದೇ ಹೆಮ್ಮೆಯಲ್ಲಿ ನಾನು ಎರಕ ಹೊಯ್ಯುವ ಕಡೆ ನಡೆದೆ.

ಫೌಂಡ್ರಿ ಕಾಣದವರಿಗಾಗಿ ಒಂದು ಮಾತು. ಭಟ್ಟಿಯಲ್ಲಿ ಕಬ್ಬಿಣ ಕರಗುತ್ತದೆ. ಭಟ್ಟಿಯನ್ನು ಬಾಗಿಸಿ ಅದನ್ನು ಲ್ಯಾಡಲ್ ಎಂಬ ದೊಡ್ಡ ಬಕೆಟ್ಟಿಗೆ ಸುರಿದುಕೊಳ್ಳುತ್ತಾರೆ, ಅಲ್ಲಿಂದ ಅಚ್ಚುಗಳಿಗೆ ಹೊಯ್ಯುತ್ತಾರೆ. ಲ್ಯಾಡಲಿನ ಒಳಗೆ ಬೆಂಕಿ ತಡೆಯುವ ಮಣ್ಣು ಮೆತ್ತಿರುತ್ತಾರೆ. ಆ ಮಣ್ಣು ಪೂರಾ ಒಣಗಿ ಕಾಯ್ದಿರಬೇಕು. ಒಳಗೆ ಹಸಿ ಉಳಿದರೆ ಕಬ್ಬಿಣ ಬಿದ್ದ ಕ್ಷಣಕ್ಕೆ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ, ಕಬ್ಬಿಣವನ್ನೇ ಮೇಲಕ್ಕೆ ಎಸೆಯುತ್ತದೆ. ಯಾವಾಗ ಸುರಿಯಬೇಕು ಎಂದು ಕೈ ಎತ್ತಿ ಸನ್ನೆ ಮಾಡುವವನು ಒಬ್ಬನೇ. ಅವನ ಕೈ ಮೇಲೇಳದೆ ಭಟ್ಟಿ ಬಾಗುವುದಿಲ್ಲ. ಆ ಜಾಗದಲ್ಲಿ ವರ್ಷಗಟ್ಟಲೆ ಇದ್ದ ಹಿರಿಯರು ನಿವೃತ್ತರಾದರು. ಜಾಗ ಖಾಲಿಯಾಯಿತು.

ಅದಕ್ಕೆ ಇಬ್ಬರಿದ್ದರು. ಒಬ್ಬರನ್ನು ಎಲ್ಲರೂ ಮಾಮಾ ಎನ್ನುತ್ತಿದ್ದರು. ಖಾನಾಪುರದಾಚೆಯ ಗುಂಜಿ ಎಂಬ ಊರಿನವರು. ದಿನಾ ಬೆಳಗಿನ ಪ್ಯಾಸೆಂಜರಿಗೆ ಬಂದು, ಸ್ಟೇಷನ್ನಿನಿಂದ ಬಸ್ಸು ಹಿಡಿದು ಬರುವವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಹಿರಿಯರ ಬಲಗೈಯಾಗಿ ನಿಂತವರು. ಇನ್ನೊಬ್ಬ ಬೆಳಗಾವಿ ಪೇಟೆಯ ಹುಡುಗ. ಹುಡುಗ ಎಂದೆ, ಆದರೆ ಇಪ್ಪತ್ತೆಂಟು ವಯಸ್ಸು, ಮದುವೆಯಾಗಿ ಮೂರು ವರ್ಷದ ಮಗಳಿದ್ದಳು. ಐಟಿಐ ಮುಗಿಸಿದವನು, ಮನೆಯಲ್ಲಿ ದಖನಿ ಉರ್ದು, ಕೆಲಸದಲ್ಲಿ ಕನ್ನಡ, ಮಾಮಾನ ಜೊತೆ ಮರಾಠಿ. ಮೂರರಲ್ಲೂ ನಗಿಸುತ್ತಿದ್ದ.

ಮಾಮಾನಿಗೆ ಕ್ಯಾಂಟೀನಿನಲ್ಲಿ ಹಾಳೆ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ಬಾಯಾರ, ನನ್ನ ಚಷ್ಮಾ ಮನ್ಯಾಗ ಉಳೀತು ನೋಡ್ರಿ."

ಪಕ್ಕದ ಬೆಂಚಿನಲ್ಲಿದ್ದ ಕ್ರೇನಿನವನು ನಕ್ಕ. "ಮಾಮಾನ ಚಷ್ಮಾ ಇಪ್ಪತ್ತ ವರ್ಷ ಆತ್ರಿ, ಮನ್ಯಾಗ ಐತಿ. ಅಂವಾ ಮರಾಠಿ ಸಾಲಿ ಕಲತಾಂವ. ಕನ್ನಡ ಅಕ್ಷರ ಅಂದ್ರ ಅವಂಗ ಇರವಿ ಸಾಲ."

"ಏ, ಸುಮ್ನ ಕುಂದರಲೇ. ನಿನಗ ಅಕ್ಷರ ಬಂದ ಊರ ಏನ ಉದ್ಧಾರ ಆಗೇತಿ?"

ಗಡಿಯ ಈ ಕಡೆ ಇದು ದಿನದ ಮಾತು. ಬಾಯಲ್ಲಿ ಕನ್ನಡ, ಕಣ್ಣಿಗೆ ಮರಾಠಿ. ನಾನು ಹಾಳೆಯನ್ನು ಮರಾಠಿಗೆ ಬರೆಸಿ ತರಬಹುದಿತ್ತು. ಎರಡು ದಿನ ತಡವಾಗುತ್ತಿತ್ತು ಅಷ್ಟೆ. "ಇರಲಿ ಮಾಮಾ, ನಾನ ಓದತೀನಿ. ನೀವು ಬರೇ ನಂಬರ ಹೇಳ್ರಿ" ಎಂದೆ.

ಆದರೆ ಅವರು ನಂಬರು ಹೇಳಲಿಲ್ಲ. ಕೊಟ್ಟ ಕೆಲಸವನ್ನು ಹೇಳಿದ ಸಮಯಕ್ಕಿಂತ ಮೊದಲೇ ಮುಗಿಸಲು ಇಷ್ಟಪಡುತ್ತೇನೆ, ಎಂದು ಓದಿದೆ.

"ಹೇಳಿದ ಟೈಮ್ ಅಂದ್ರ ಯಾರ ಹೇಳಿದ್ದ ಟೈಮ್ರಿ? ಆಫೀಸಿನಾವ್ರು ಹೇಳಿದ್ದೋ, ಭಟ್ಟಿಯಾಗ ಕರಗೂ ಲೋಖಂಡ ಹೇಳಿದ್ದೋ?"

"ಒಂದರಿಂದ ಐದರಾಗ ಹೇಳ್ರಿ ಮಾಮಾ."

"ಅದನ್ನ ನೀವ ಹಾಕ್ಕೋರಿ. ನನಗ ತಡಾ ಆದ್ರ ನಡೀತೈತಿ. ಗಡಬಡಿ ನಡ್ಯಾಂಗಿಲ್ಲ."

ನಾನು ಎರಡಕ್ಕೆ ಗೋಲು ಹಾಕಿದೆ.

ಯಾರನ್ನೂ ಕೇಳದೆ ಸ್ವಂತ ತೀರ್ಮಾನ ತೆಗೆದುಕೊಳ್ಳಬಲ್ಲೆ, ಎಂಬುದು ಇನ್ನೊಂದು.

"ಕೇಳಲಾರದ? ತಲಿ ಕೆಟ್ಟೈತೇನ್ರಿ? ಭಟ್ಟಿಯಾಂವನ್ನ ಕೇಳಬೇಕು, ಕ್ರೇನಿನಾಂವನ್ನ ಕೇಳಬೇಕು. ಮಣ್ಣ ಮೆತ್ತಿದಾಂವನ್ನ ಕೇಳಬೇಕು, ಯಾವಾಗ ಮೆತ್ತಿದ್ಯೋ, ನೀರ ಎಷ್ಟ ಹಾಕಿದ್ಯೋ ಅಂತ. ಕೇಳಲಾರದ ಸುರವಾಕ ಅದೇನ ಚಹಾ ಏನ್ರಿ?"

ಕ್ಯಾಂಟೀನು ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಒಂದಕ್ಕೆ ಗೋಲು ಹಾಕಿದೆ.

ಹೀಗೆ ಮುಕ್ಕಾಲು ಗಂಟೆ ನಡೆಯಿತು. ಪ್ರತಿ ವಾಕ್ಯಕ್ಕೂ ಅವರು ಒಂದು ಘಟನೆ ಹೇಳುತ್ತಿದ್ದರು. ಒಂದು ಮಳೆಗಾಲದಲ್ಲಿ ಅರ್ಧ ದಿನ ಲ್ಯಾಡಲ್ ಕಾಯಿಸುತ್ತ ಕೂತು ಬೈಸಿಕೊಂಡದ್ದು, ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಡಿದು ವಾಪಸು ಕಳಿಸಿದ್ದು. ನಾನು ಅದನ್ನೆಲ್ಲ ಕೇಳಿ, ಕತ್ತರಿಸಿ, ಒಂದು ಅಂಕಿಯಾಗಿ ಮಾಡಿ ಇಡುತ್ತಿದ್ದೆ. ಹಾಳೆಯಲ್ಲಿ ಬರೆಯಲು ಜಾಗವಿರಲಿಲ್ಲ. ಹಾಳೆಯ ಹಿಂದಿನ ಬದಿ ಖಾಲಿಯಿತ್ತು ಎಂಬುದು ಆಗ ತಲೆಗೆ ಬರಲಿಲ್ಲ.

ಕೊನೆಯ ವಾಕ್ಯ, ನನಗೆ ಹೆಚ್ಚಿನ ಜವಾಬ್ದಾರಿಯ ಜಾಗ ಬೇಕು.

ಅಷ್ಟು ಹೊತ್ತು ಮಾತಾಡಿದವರು ಕೈಯಲ್ಲಿದ್ದ ಚಹಾದ ಗ್ಲಾಸನ್ನು ನೋಡಿದರು.

"ಅದನ್ನ ನಾ ಹೆಂಗ ಹೇಳ್ಲಿ ಬಾಯಾರ. ಮಂದಿ ಅದಾರಲ್ಲ. ನನಗ್ಯಾಕ, ಬ್ಯಾಡ ಬಿಡ್ರಿ."

ನಾನು ಒಂದಕ್ಕೆ ಗೋಲು ಹಾಕಿ ಕೆಳಗೆ ಅವರ ಸಹಿ ಹಾಕಿಸಿಕೊಂಡೆ. ಮರಾಠಿಯಲ್ಲಿ ದುಂಡಗೆ ಹಾಕಿದರು.

ನಾನು ಬೇರೆ ಊರಿನವಳಾಗಿದ್ದರೆ ಕ್ಷಮೆ ಇರುತ್ತಿತ್ತು. ನಾನು ಇಲ್ಲಿಯವಳೇ. ನಮ್ಮ ಮನೆಗೆ ಯಾರೇ ಊಟಕ್ಕೆ ಬಂದರೂ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು "ಸಾಕ್ರಿ, ಖರೇನ ಸಾಕು" ಎನ್ನುತ್ತಾರೆ. ಅವ್ವ ಆ ಕೈಯನ್ನು ಸರಿಸಿ ಹೋಳಿಗೆ ಇಡುತ್ತಾಳೆ. ಮೊದಲ "ಬ್ಯಾಡ"ವನ್ನು ನಿಜವೆಂದು ನಂಬಿದ ಮನೆಗೆ ಯಾರೂ ಎರಡನೆಯ ಸಲ ಊಟಕ್ಕೆ ಹೋಗುವುದಿಲ್ಲ. ಗುಡಿಯ ಪಂಚರಲ್ಲಿ ಒಬ್ಬರನ್ನು ಸೇರಿಸಬೇಕಾದರೂ ಹೀಗೆಯೇ. ಮೂರು ಸಲ ಒಲ್ಲೆ ಎನ್ನದೆ ಮುಂದಿನ ಜಮಖಾನದ ಮೇಲೆ ಕೂತವನನ್ನು ಊರು ಮರೆಯುವುದಿಲ್ಲ. ತನ್ನ ಯೋಗ್ಯತೆಯನ್ನು ತಾನೇ ಹೇಳುವವನು ಹಗುರ, ಉಳಿದವರು ಹೇಳಬೇಕು, ಅವನು ಬೇಡವೆನ್ನಬೇಕು, ಅವರು ಒತ್ತಾಯ ಮಾಡಬೇಕು. ಇಷ್ಟು ತಿಳಿದವಳು ನಾನು. ಆದರೂ ಆವತ್ತು ಒಮ್ಮೆ ಕೇಳಿ ಪೆನ್ನಿನ ಕ್ಯಾಪು ಹಾಕಿದೆ. ಕೈಯಲ್ಲಿ ಅಚ್ಚಾದ ಹಾಳೆಯಿದ್ದರೆ ನಮ್ಮ ಮನೆಯ ರೀತಿ ನಮಗೇ ಮರೆಯುತ್ತದೆಯೋ ಏನೋ.

ಆ ಹುಡುಗ ಹತ್ತು ನಿಮಿಷಕ್ಕೆ ಹಾಳೆ ತಂದುಕೊಟ್ಟ. ಉದ್ದಕ್ಕೂ ಐದು, ಐದು, ಐದು.

"ಮ್ಯಾಡಮ್, ಆರ ಇಲ್ಲೇನ್ರಿ ಇದರಾಗ?"

"ಖರೇ ಬರದೀಯೋ, ಇಲ್ಲೋ?"

"ಖರೇ ಅಂದ್ರ ಖರೇನ ರೀ. ನನಗ ಆ ಜಾಗಾ ಬೇಕ್ರಿ ಮ್ಯಾಡಮ್. ಬ್ಯಾಡ ಅಂತ ಸುಳ್ಳ ಯಾಕ ಹೇಳಲಿ?"

ಆ ಮಾತು ನನಗೆ ಹಿಡಿಸಿತು. ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಅವನು ಕೆಲಸ ಬಲ್ಲವನೇ ಇದ್ದ, ಐದು ವರ್ಷದಲ್ಲಿ ಒಂದು ದಿನ ತಡವಾಗಿ ಬಂದವನಲ್ಲ. ಇನ್ನು ಎರಡು ಮಳೆಗಾಲ ಮಾಮಾನ ಪಕ್ಕ ನಿಂತಿದ್ದರೆ ಆ ಜಾಗ ಅವನದೇ ಆಗುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ.

ಸಣ್ಣ ಮಾಲಕರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅಷ್ಟು ಅಂತರ ನೋಡಿದ ಮೇಲೆ ಮಾತೇ ಇರಲಿಲ್ಲ. ಹುಡುಗ ಲ್ಯಾಡಲ್ ಮುಂದೆ, ಮಾಮಾ ಫೆಟ್ಲಿಂಗ್ ಕಡೆಗೆ. ಎರಕದ ಅಂಚುಗಳನ್ನು ಉಜ್ಜಿ ನುಣ್ಣಗೆ ಮಾಡುವ ವಿಭಾಗ ಅದು. ವಯಸ್ಸಾದವರಿಗೆ ಬೆಂಕಿಯಿಂದ ದೂರ ಒಳ್ಳೆಯದು ಎಂದು ನಾನೇ ಸಲಹೆ ಬರೆದಿದ್ದೆ. ಕರುಣೆಯಿಂದ ಬರೆದಿದ್ದೆ.

ಮಾಮಾ ತಮ್ಮ ಚರ್ಮದ ಎಪ್ರನ್ ಬಿಚ್ಚಿ ಹುಡುಗನ ಕೈಗೆ ಕೊಟ್ಟರು. "ಜ್ವಾಕಿ. ಏನರ ಕೇಳೂದಿದ್ರ ಕೇಳು" ಎಂದರು. ಸಂಜೆ ಗೇಟಿನಲ್ಲಿ ನಾನು ಅವರನ್ನು ತಡೆದೆ.

"ಬ್ಯಾಸರ ಆತೇನ್ರಿ ಮಾಮಾ?"

"ಬ್ಯಾಸರ ಯಾಕ್ರಿ? ಬಿಸಲಾಗಿಂದ ನೆಳ್ಳಿಗೆ ಬಂದೀನಿ." ನಕ್ಕು ಬಸ್ಸಿನ ಕಡೆ ಹೋದರು. ಆದರೆ ಮರುದಿನದಿಂದ ಭಟ್ಟಿಯ ಹತ್ತಿರದ ಚಹಾದ ಗುಂಪಿಗೆ ಬರುವುದನ್ನು ಬಿಟ್ಟರು.

ಹುಡುಗ ಅವರನ್ನು ಏನೂ ಕೇಳಲಿಲ್ಲ. ಅದಕ್ಕೂ ಕಾರಣ ನನ್ನ ಹಾಳೆ. ಫಲಿತಾಂಶವನ್ನು ಅವನೆದುರು ಓದುವಾಗ, ಸ್ವಂತ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಇವನಲ್ಲಿ ಎಲ್ಲರಿಗಿಂತ ಹೆಚ್ಚು ಎಂದು ಓದಿದ್ದೆ. ಅವನು ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಮನೆಯಲ್ಲಿ ತೋರಿಸಿದನಂತೆ. ಹಾಗೆ ಬರೆಸಿಕೊಂಡವನು ಹೋಗಿ, ಜಾಗ ಕಳೆದುಕೊಂಡವರನ್ನು, ಮಾಮಾ, ಇದು ಒಣಗಿದೆಯೇ ಎಂದು ಹೇಗೆ ಕೇಳುತ್ತಾನೆ?

ಬೇಸಿಗೆ ಏನೂ ಆಗದೆ ಕಳೆಯಿತು. ಮಳೆ ಹಿಡಿಯಿತು. ಬೆಳಗಾವಿಯ ಮಳೆ ಗೋಡೆಯನ್ನೂ ಬಿಡುವುದಿಲ್ಲ. ಕಪಾಟಿನಲ್ಲಿಟ್ಟ ಚೀಲ, ಚಪ್ಪಲಿ, ಬೆಂಕಿಪೊಟ್ಟಣ ಎಲ್ಲ ಮೆತ್ತಗಾಗುತ್ತವೆ. ಬಡ್ತಿ ಪಡೆದವರನ್ನು ಮೂರು ತಿಂಗಳಿಗೊಮ್ಮೆ ಕೆಲಸದ ಜಾಗದಲ್ಲೇ ನಿಂತು ಗಮನಿಸಿ ಬರೆಯಬೇಕೆಂಬ ನಿಯಮವಿತ್ತು. ಆ ಬೆಳಿಗ್ಗೆ ನಾನು ರಟ್ಟಿನ ಪ್ಯಾಡಿಗೆ ಹಾಳೆ ಸಿಕ್ಕಿಸಿಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಕಂಬದ ಪಕ್ಕ ನಿಂತೆ.

ಮುಂದಿನದು ಬಹುಶಃ ಅರ್ಧ ನಿಮಿಷದ್ದು. ನಾನು ಅದನ್ನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ ಈಗ ಅದು ಬಹಳ ಉದ್ದವಾಗಿದೆ.

ಲ್ಯಾಡಲಿಗೆ ಹಿಂದಿನ ಸಂಜೆ ಹೊಸ ಮಣ್ಣು ಮೆತ್ತಿದ್ದರು. ಬೆಳಗಿನಿಂದ ಗ್ಯಾಸಿನ ಉರಿ ಹಚ್ಚಿ ಕಾಯಿಸಿದ್ದರು. ಭಟ್ಟಿಯವನು ಮೇಲಿನಿಂದ "ಮಾಲ ತಯಾರ ಐತ್ರಿ" ಎಂದು ಕೂಗಿದ. ಹುಡುಗ ಲ್ಯಾಡಲಿನ ಹತ್ತಿರ ಬಗ್ಗಿದ. ಮುಖಕ್ಕೆ ಹಾಕುವ ಗಾಜಿನ ಪರದೆಯನ್ನು ಹಣೆಯ ಮೇಲಕ್ಕೆ ಸರಿಸಿದ. ಲ್ಯಾಡಲಿನ ಹೊರಮೈಯಲ್ಲಿ ಆವಿ ಹೋಗಲೆಂದು ಸಣ್ಣ ತೂತುಗಳಿರುತ್ತವೆ, ಅವನು ಅಲ್ಲಿ ನೋಡುತ್ತಿದ್ದ. ಕೈಗವಸು ಬಿಚ್ಚಿ ಕೈಯ ಹಿಂಬದಿಯನ್ನು ಅದರ ಹತ್ತಿರ ಹಿಡಿದ. ಹಿಡಿದೇ ಇದ್ದ. ಆಮೇಲೆ ತಲೆ ಎತ್ತಿದ. ಎದುರಿಗೆ ನಾನು.

ನಾನು ಪೆನ್ನಿನ ತುದಿಯನ್ನು ಹಾಳೆಗೆ ಹಚ್ಚಿದ್ದೆ.

ಅವನು ನನ್ನನ್ನು ನೋಡಿ ಸಣ್ಣಗೆ ನಕ್ಕ. ಎರಡು ಹೆಜ್ಜೆ ಹಿಂದೆ ಸರಿದು ಬಲಗೈ ಎತ್ತಿದ. ಭಟ್ಟಿ ಬಾಗಿತು. ಬಿಳಿ ಕೆಂಪು ಧಾರೆ ಲ್ಯಾಡಲಿಗೆ ಇಳಿಯಿತು. ಒಂದು ಕ್ಷಣ ಎಲ್ಲ ಸರಿಯಿತ್ತು. ಆಮೇಲೆ ಒಳಗಿನಿಂದ ಗುಡುಗುಡು ಎಂದು, ಕುದಿಯುವ ಹಂಡೆಯ ಮುಚ್ಚಳ ಅದುರಿದ ಹಾಗೆ ಸದ್ದು ಬಂತು. ಯಾರೋ "ಹಿಂದ ಸರೀರಿ!" ಎಂದು ಕೂಗಿದರು. ಅಷ್ಟರಲ್ಲಿ ಕಬ್ಬಿಣ ಮೇಲೆದ್ದಿತ್ತು. ತಗಡಿನ ಛಾವಣಿಗೆ ಬಡಿದು ಚದುರಿ ಬಿತ್ತು. ನನ್ನ ಓಢಣಿಯಲ್ಲಿ ಏಳೆಂಟು ತೂತು ಬಿದ್ದವು, ಎಡಗೈ ಮೇಲೆ ಒಂದು ಬೊಕ್ಕೆ. ಕಂಬ ಅಡ್ಡವಿತ್ತು. ಅವನಿಗೆ ಅಡ್ಡ ಏನೂ ಇರಲಿಲ್ಲ. ಪರದೆ ಇನ್ನೂ ಹಣೆಯ ಮೇಲೇ ಇತ್ತು. ಕೈಗವಸು ನೆಲದ ಮೇಲಿತ್ತು.

ಅವನ ಕೂಗನ್ನು ಬರೆಯುವುದಿಲ್ಲ. ಫೆಟ್ಲಿಂಗಿನ ಉಜ್ಜುವ ಯಂತ್ರಗಳು ಒಂದೊಂದಾಗಿ ನಿಂತದ್ದು ನೆನಪಿದೆ. ಮಾಮಾ ಓಡಿ ಬಂದು ಅವನ ಮೇಲಿದ್ದ ಎಪ್ರನ್ನಿನ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದ್ದು ನೆನಪಿದೆ. ನಾನು ಕಂಬ ಹಿಡಿದು ನಿಂತೇ ಇದ್ದೆ. ಯಾರೋ ನನ್ನ ಕೈಯಿಂದ ಪ್ಯಾಡು ಕಿತ್ತುಕೊಂಡು ಬದಿಗಿಟ್ಟರು.

ಬಲಗಣ್ಣು ಹೋಯಿತು. ಬಲಗೈಯ ಬೆರಳುಗಳು ಉಳಿದವು, ಆದರೆ ಮಡಚಿಕೊಂಡೇ ಇವೆ. ಕಾರ್ಖಾನೆಯ ತನಿಖೆಗೆ ಬಂದ ಅಧಿಕಾರಿ ಮಣ್ಣು ಹಸಿ ಇತ್ತು ಎಂದು ಬರೆದುಕೊಂಡರು. ಅನುಭವಸ್ಥರೊಬ್ಬರು ಇದ್ದರಲ್ಲ, ಅವರನ್ನು ಯಾಕೆ ಬೇರೆ ಕಡೆ ಹಾಕಿದಿರಿ ಎಂದು ನನ್ನನ್ನು ಕೇಳಿದರು. "ಮೌಲ್ಯಮಾಪನದ ಪ್ರಕಾರ" ಎಂದೆ. ಎರಡು ಶಬ್ದದ ಉತ್ತರ. ಅವರು ತಲೆಯಾಡಿಸಿದರು. ಮನೆಗೆ ಬಂದರೆ ಅವ್ವ ಒಗ್ಗರಣೆಗೆ ಹಾಕಿದ ಕರಿಬೇವಿನಲ್ಲಿ ನೀರಿತ್ತು. ಆ ಚಟಪಟಕ್ಕೆ ನಾನು ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಿಸಿ ಕೂತುಬಿಟ್ಟೆ.

ಆ ದಿನದ ನಂತರ ಮಾಮಾ ಕೆಲಸಕ್ಕೆ ಬರಲಿಲ್ಲ. ಫೋನು ಎತ್ತಲಿಲ್ಲ. ಲ್ಯಾಡಲ್ ಮುಂದೆ ನಿಲ್ಲಲು ಯಾರೂ ಒಪ್ಪದೆ ಭಟ್ಟಿ ಆರಿತು. ಎರಡನೆಯ ವಾರ ಸಣ್ಣ ಮಾಲಕರು ನನ್ನನ್ನು ಕರೆದರು. "ಹ್ಯಾಂಗರ ಮಾಡಿ ಅವರನ್ನ ಕರಕೊಂಡ ಬರ್ರಿ. ಮತ್ತ ಆ ಹುಡುಗಂಗೂ ಒಂದ ಹಾಳಿ ತುಂಬಿಸ್ಕೋರಿ. ಕೂತ ಮಾಡೂವಂಥಾದ್ದು ಯಾವ ಕೆಲಸ ಆಗತೈತಿ ನೋಡೂಣು" ಎಂದರು. ಹೊಸ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಾನು ಗುಂಜಿಗೆ ರೈಲು ಹತ್ತಿದೆ.

ಮಾಮಾ ಮನೆಯ ಹಿಂದೆ ಬಿದಿರು ಸೀಳಿ ಬೇಲಿ ಕಟ್ಟುತ್ತಿದ್ದರು. ಅದರಾಚೆ ಕಾಡು. ರಾತ್ರಿ ಹಂದಿ ನುಗ್ಗಿ ಗೆಣಸಿನ ಮಡಿ ಅಗೆದಿದ್ದವಂತೆ. ನನ್ನನ್ನು ನೋಡಿ ಎದ್ದರು.

"ಬರ್ರಿ ಬಾಯಾರ, ಕುಂದರ್ರಿ. ಕೈ ಹ್ಯಾಂಗೈತಿ?"

ನನ್ನ ಬೊಕ್ಕೆಯನ್ನು ಮೊದಲು ಕೇಳಿದವರು ಅವರೇ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನಿಮ್ಮ ಉತ್ತರಗಳನ್ನು ನಾನು ಸರಿಯಾಗಿ ಬರೆಯಲಿಲ್ಲ, ನೀವು ಬೇಡ ಎಂದದ್ದನ್ನು ಬೇಡ ಎಂದೇ ತಿಳಿದೆ, ನೀವು ಆ ಜಾಗದಲ್ಲಿದ್ದಿದ್ದರೆ ಇದು ಆಗುತ್ತಿರಲಿಲ್ಲ, ತಪ್ಪು ನನ್ನದು.

ಅವರು ಬಿದಿರಿನ ಸೀಳನ್ನು ಕೆಳಗಿಟ್ಟರು. ಹೆಂಡತಿ ಒಳಗೆ ಹೋಗುವವರೆಗೆ ಕಾದರು.

"ನಾ ನೋಡಿದ್ನಿ ಬಾಯಾರ."

"ಏನ್ ನೋಡಿದ್ರಿ?"

"ಮುಂಜಾನೆ ಬಂದಾವ ಲ್ಯಾಡಲ್ ಬಾಜೂಕ ಹಾದ್ನಿ. ತೂತಿನ್ಯಾಗಿಂದ ನೀರ ಒಸರತಿತ್ತು. ಇನ್ನ ಎರಡ ತಾಸರ ಕಾಯಬೇಕಿತ್ತು. ಅಲ್ಲೇ ಎರಡ ಮಿನಿಟ ನಿಂತ್ನಿ. ಕೇಳ್ತಾನೇನೋ ಅಂತ ನಿಂತ್ನಿ. ಕೇಳಲಿಲ್ಲ. ಕೇಳಲಾರದ್ದು ನಾ ಯಾಕ ಹೇಳಲಿ, ನನ್ನ ಜಾಗಾ ಅಲ್ಲ ಅದು ಅಂತ..." ಬಿದಿರಿನ ಸೀಳನ್ನು ಮತ್ತೆ ಕೈಗೆತ್ತಿಕೊಂಡು, "ಒಂದ ಮಾತ್ರಿ. ಹಸಿ ಐತಿ. ಎರಡ ಶಬ್ದಾ" ಎಂದರು.

ನಾನು ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವರೂ ನನ್ನನ್ನು ಸಮಾಧಾನ ಮಾಡಲಿಲ್ಲ. ಅವರ ಹೆಂಡತಿ ಚಹಾ ತಂದು, ಇಬ್ಬರ ಮುಖ ನೋಡಿ, ಇಟ್ಟು ಹೋದರು. ಕೆಲಸಕ್ಕೆ ಬರುವಿರಾ ಎಂದು ಕೇಳಬೇಕಿತ್ತು. ಕೊನೆಗೆ ಅವರೇ ಹೇಳಿದರು.

"ಮೊದಲ ಅವನ ಮುಂದ ಹೇಳಬೇಕು. ಅಂವ ಏನಂತಾನ, ಆಮ್ಯಾಲ ಮುಂದಿಂದು. ನಡೀರಿ, ನೀವೂ ಬರ್ರಿ. ಒಬ್ಬವಂಗ ಧೈರ್ಯ ಇಲ್ಲ."

ಮಧ್ಯಾಹ್ನದ ಗಾಡಿಗೆ ಇಬ್ಬರೂ ಬೆಳಗಾವಿಗೆ ಬಂದೆವು. ಅವನ ಮನೆ ಪೇಟೆಯ ಹಿಂದಿನ ಓಣಿಯಲ್ಲಿ, ಎರಡು ಕೋಣೆ. ಅವನ ತಾಯಿ ಬಾಗಿಲು ತೆಗೆದು "ಆವೋ ಬೇಟಿ, ಬೈಠೋ" ಎಂದು ನನ್ನ ಕೈ ಹಿಡಿದುಕೊಂಡಾಗ ಓಡಿಹೋಗಬೇಕೆನಿಸಿತು. ಹುಡುಗ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಮುಖದ ಬಲಭಾಗ ಬಟ್ಟೆಯಲ್ಲಿತ್ತು. ಮಗಳು ಅವನ ಕಾಲ ಹತ್ತಿರ ಕೂತು ಬಳಪದಿಂದ ಪಾಟಿಯ ಮೇಲೆ ಗೀಚುತ್ತಿದ್ದಳು.

"ಯಾರ, ಮಾಮಾನ? ನನ್ನ ಜಾಗಾ ಹಿಡದಿ ಇಲ್ಲೋ ಇನ್ನ?" ಎಂದ. ನಗಿಸುವ ದನಿ ಹಾಗೆಯೇ ಇತ್ತು.

ಮಾಮಾ ಕೂರಲಿಲ್ಲ. ನಿಂತೇ, ಗುಂಜಿಯಲ್ಲಿ ನನಗೆ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಅವನಿಗೂ ಹೇಳಿದರು. ಹೇಳುವಾಗ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಹುಡುಗ ಕೇಳಿ ಮುಗಿಯುವವರೆಗೆ ಅಲುಗಲಿಲ್ಲ.

"ನಾನೂ ನೋಡಿದ್ನಿ ಮಾಮಾ" ಎಂದ.

"ಏನು?"

"ತೂತಿನ್ಯಾಗ ಆವಿ ಬರತಿತ್ತು. ಕೈ ಹಿಡದ ನೋಡಿದ್ನಿ, ಹಸಿ ಹತ್ತಿತು."

"ಮತ್ಯಾಕ ಕೈ ಎತ್ತಿದ್ಯೋ ಮಗನ?"

ಅವನು ಉಳಿದ ಒಂದು ಕಣ್ಣನ್ನು ನನ್ನ ಕಡೆ ತಿರುಗಿಸಿದ. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

"ಮ್ಯಾಡಮ್ ಬರಕೊಳ್ಳಾಕತ್ತಿದ್ರು. ಆವಾಗ ಬ್ಯಾಡ, ತಡೀರಿ ಅಂದ್ರ, ಇಂವಂಗ ಧೈರ್ಯ ಇಲ್ಲ ಅಂತ ಬರೀತಾರೇನೋ ಅಂತ..."

ನಾನು ಏನು ಬರೆಯುತ್ತಿದ್ದೆ ಎಂದು ಅವನಿಗೆ ಹೇಳಿದೆ. ಹೇಳದಿರಲು ಆಗಲಿಲ್ಲ. ಆ ಹಾಳೆಯ ಮೇಲೆ ಆ ಹೊತ್ತಿಗೆ ನಾನು ಬರೆದದ್ದು ಅವನ ಹೆಸರು ಮಾತ್ರ. ಇನ್ನೇನೂ ಇರಲಿಲ್ಲ. ಅವನು ತಡೆಯಿರಿ ಎಂದಿದ್ದರೂ ಅದನ್ನು ಹಾಕಲು ಅದರಲ್ಲಿ ಒಂದು ಸಾಲು ಇತ್ತೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ.

"ಬರೇ ಹೆಸರ ಏನ್ರಿ?" ಎಂದ.

ಮಾಮಾ ಮಂಚದ ಅಂಚಿಗೆ ಕೂತು ಅವನ ಮಡಚಿದ ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡರು. "ನಾಳಿಯಿಂದ ನಾ ಹೋಗತೀನಿ" ಎಂದರು. ಯಾರನ್ನೂ ಕೇಳಿಕೊಂಡು ಹೇಳಿದ ಮಾತಲ್ಲ ಅದು. ಹುಡುಗ ತಲೆಯಾಡಿಸಿದ. "ಹೋಗು. ಬ್ಯಾರೆ ಯಾರ್ನೂ ನಿಂದರಿಸಬ್ಯಾಡ ಅಲ್ಲಿ."

ಆ ವಾರವೇ ನಾನು ತನಿಖೆಯ ಅಧಿಕಾರಿಗೆ ಇದೆಲ್ಲವನ್ನೂ ಮೂರು ಪುಟ ಬರೆದು ಕಳಿಸಿದೆ. ಹಾಳೆಯಲ್ಲಿ ಅಂಕ ಹಾಕಿದ್ದು ನಾನು, ಕಂಬದ ಪಕ್ಕ ನಿಂತದ್ದೂ ನಾನು ಎಂದು. ಅವರು ಫೋನು ಮಾಡಿ, ಇದು ಕಾರಣದ ಪಟ್ಟಿಯಲ್ಲಿ ಬರುವುದಿಲ್ಲ, ಆದರೂ ಫೈಲಿನಲ್ಲಿ ಇಟ್ಟಿದ್ದೇನೆ ಎಂದು ಸೌಜನ್ಯದಿಂದಲೇ ಹೇಳಿದರು.

ಆದರೆ ಅವನ ಮನೆಯ ಆ ಭೇಟಿ ಮಾಮಾನ ಮಾತಿಗೇ ಮುಗಿದಿರಲಿಲ್ಲ. ನಾವು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಅವನು ಹಿಂದಿನಿಂದ ಕರೆದ.

"ಮ್ಯಾಡಮ್, ನನಗ ಇನ್ನ ಯಾವ ಕೆಲಸ ಬರತೈತಿ ನೋಡ್ರಿ. ಒಂದ ಕಣ್ಣು, ಎಡಗೈ. ನಿಮ್ಮ ಹಾಳಿ ತುಂಬಿದ್ರ ಗೊತ್ತಾಗತೈತೆಲ್ಲ. ತಂದೀರೇನು?"

ಅವನ ತಾಯಿ ಆಸೆಯಿಂದ ನನ್ನ ಬ್ಯಾಗನ್ನು ನೋಡಿದರು. ಹಾಳೆ ಅದರೊಳಗಿತ್ತು, ನಾಲ್ಕಾಗಿ ಮಡಚಿ.

"ಇಲ್ಲಪ್ಪ, ತಂದಿಲ್ಲ" ಎಂದೆ.

"ಮುಂದಿನ ಸಲ ತರ್ರಿ ಹಂಗಾರ" ಎಂದ. ಮಗಳ ಕೈಯಿಂದ ಬಳಪ ತೆಗೆದುಕೊಂಡು, ಎಡಗೈಯಿಂದ, ಅವಳ ಪಾಟಿಯ ಮೇಲೆ ನಿಧಾನವಾಗಿ ಏನೋ ಬರೆಯಲು ನೋಡಿದ.